ಹೊಟ್ಟೆ ಬಗೆಸಿಕೊಂಡ ಫಿಲ್ಟರ್

ನಾನು ಒಂದು ಫಿಲ್ಟರ್. ನೀರಿನದಲ್ಲ, ಡೀಸೆಲ್ ವ್ಯಾನಿನ ಹೊಗೆಯದು. ಹುಟ್ಟಿದ ಕಾರ್ಖಾನೆಯ ನೆನಪು ಹೆಚ್ಚಿಲ್ಲ. ಜೇನುಗೂಡಿನಂತೆ ತೂತು ತೂತಾದ ಕಲ್ಲೊಂದನ್ನು ಉಕ್ಕಿನ ಡಬ್ಬಿಗೆ ತುರುಕಿ ಮುಚ್ಚಿದರು, ಅದೇ ನಾನು. ಇಂಜಿನ್ ಉಗುಳುವ ಮಸಿಯನ್ನು ನುಂಗುವುದು ನನ್ನ ಕೆಲಸ. ಆಗಾಗ ಅರ್ಧ ಗಂಟೆ ಒಂದೇ ಸಮನೆ ಓಡಿಸಿದರೆ ಮೈ ಕಾದು, ನುಂಗಿದ್ದೆಲ್ಲ ಸುಟ್ಟು ಹೊಟ್ಟೆ ಹಗುರಾಗುತ್ತದೆ. ನಾನು ಬೇಡಿದ್ದು ಅಷ್ಟೇ.

ಬಿದ್ದದ್ದು ಮಾತ್ರ ಮಂಡ್ಯ ಕಡೆಯ ಚೌಡಯ್ಯನ ಕೈಗೆ. ಸುತ್ತಲ ಹಳ್ಳಿಗಳ ಹೆಂಗಸರನ್ನು ಗಾರ್ಮೆಂಟ್ಸಿಗೆ ಬಿಡುವ ವ್ಯಾನು ಅವನದು. ಒಳ್ಳೆಯ ಮನುಷ್ಯ, ಆದರೆ ಜಿಪುಣಾಗ್ರೇಸರ. ಲಾರಿ ಓಡಿಸುತ್ತಿದ್ದ ಅವನಪ್ಪ "ನಿಂತ ಗಾಡಿ ಎಣ್ಣೆ ಕುಡೀಬಾರ್ದು ಕಣ್ಲಾ" ಎಂದು ಕಲಿಸಿದ್ದನಂತೆ. ಸರಿ, ಒಬ್ಬಳು ಹತ್ತಿದರೆ ಇಂಜಿನ್ ಆಫ್, ಇನ್ನೊಬ್ಬಳು ಚಪ್ಪಲಿ ಹುಡುಕುತ್ತಿದ್ದರೂ ಆಫ್! ಮೈ ಕಾಯುವುದರೊಳಗೆ ಆರಿಹೋಗುತ್ತಿತ್ತು. ಸ್ಟೀರಿಂಗಿನ ಮುಂದೆ ಹಳದಿ ದೀಪ ಹೊತ್ತಿ ಎಚ್ಚರಿಸಿದಾಗ, ಮಹಾರಾಯ ಅದರ ಮೇಲೊಂದು ಮಾದಪ್ಪನ ಸ್ಟಿಕ್ಕರ್ ಅಂಟಿಸಿದ. ಮೂರನೇ ವರ್ಷಕ್ಕೆ ನನಗೆ ಉಸಿರು ಕಟ್ಟಿತು, ವ್ಯಾನು ದಿಬ್ಬ ಹತ್ತದಾಯಿತು.

"ಹೊಸದು ಹಾಕುದ್ರೆ ಕೈ ಸುಡ್ತದೆ. ಒಳಗಿಂದು ತೆಗುದು ಮುಚ್ಬುಡ್ತೀನಿ, ಯಾರ್ಗ್ ಗೊತ್ತಾಯ್ತದೆ?" ಅಂದ ಮೆಕ್ಯಾನಿಕ್ ಪಳನಿ. ನನ್ನ ಹೊಟ್ಟೆ ಕೊಯ್ದು, ಕಲ್ಲನ್ನು ಪುಡಿಗಟ್ಟಿ ಚೆಲ್ಲಿ, ಮತ್ತೆ ವೆಲ್ಡಿಂಗ್ ಹಾಕಿದ. ನಾನು ಬರೀ ಸಿಪ್ಪೆಯಾಗಿ ಉಳಿದೆ. ವ್ಯಾನು ಕುದುರೆಯಂತೆ ಓಡಿತು, ಚೌಡಯ್ಯ ಸಿಳ್ಳೆ ಹಾಕಿದ. ನನಗೆ ನಾಚಿಕೆಯಾಗಿತ್ತು.

ಅವನ ಅಕ್ಕ ಪುಟ್ಟಲಿಂಗಮ್ಮನೂ ಅದೇ ಗಾರ್ಮೆಂಟ್ಸಿಗೆ ಹೋಗುವವಳು. ತಮ್ಮನ ವ್ಯಾನಲ್ಲವೇ, ಒಳ್ಳೆಯ ಸೀಟನ್ನು ಬೇರೆಯವರಿಗೆ ಬಿಟ್ಟು ಹಿಂದಿನ ಬಾಗಿಲ ಪಕ್ಕ ಕೂರುತ್ತಿದ್ದಳು. ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಎರಡೇ ತಿಂಗಳಿಗೆ ಕೆಮ್ಮು ಹತ್ತಿಕೊಂಡಿತು.

"ಬಟ್ಟೆ ಧೂಳು ಕಣಕ್ಕ, ಮೆಣಸಿನ ಕಷಾಯ ಕುಡಿ" ಅನ್ನುತ್ತಿದ್ದ ತಮ್ಮ.

ಎಫ್‌ಸಿ ಮಾಡಿಸುವ ದಿನ ಬಂತು, ಗಾಡಿ ಓಡಿಸಲು ಯೋಗ್ಯವಾಗಿದೆಯೆಂದು ಆರ್‌ಟಿಒದವರು ಕೊಡುವ ಸರ್ಟಿಫಿಕೇಟು. ಅದಿಲ್ಲದಿದ್ದರೆ ಗಾರ್ಮೆಂಟ್ಸಿನವರು ವ್ಯಾನನ್ನು ಗೇಟಿನೊಳಗೇ ಬಿಡರು, ಹೊಟ್ಟೆಪಾಡಿನ ಪ್ರಶ್ನೆ. ಚೌಡಯ್ಯ ನನ್ನನ್ನು ಉಜ್ಜಿ ಉಜ್ಜಿ ಹೊಳೆಯಿಸಿದ್ದ. ಇನ್ಸ್‌ಪೆಕ್ಟರಮ್ಮ ಬಗ್ಗಿ ನೋಡಿ, ಸ್ಪ್ಯಾನರಿನಿಂದ ಒಮ್ಮೆ ಬಡಿದರು. ಟಣ್ ಅಂದೆ. ಸುಳ್ಳು ಹೇಳಲು ಹೊಟ್ಟೆಯಲ್ಲಿ ಏನಾದರೂ ಇರಬೇಕಲ್ಲ!

"ಒಳಗೇನೂ ಇಲ್ವಲ್ರೀ?"

"ಇತ್ತು ಮೇಡಮ್ಮೋರೆ... ಹಳೇದಾಗ್ಬುಡ್ತು."

"ಹಿಂದಿನ ಬಾಗಿಲೆಲ್ಲ ಮಸಿ ಹಿಡಿದಿದೆ. ಅಲ್ಲಿ ಯಾರು ಕೂರ್ತಾರೆ?"

"ನಮ್ಮಕ್ಕ" ಅಂದವನು ಬಾಗಿಲ ಮಸಿಯನ್ನು ಬೆರಳಿಂದ ಒರೆಸಿ ನೋಡಿದ.

ಎಫ್‌ಸಿ ಆಗಲಿಲ್ಲ. ಚೌಡಯ್ಯ ನೇರ ಪಳನಿಯ ಬಳಿ ಬಂದು ಕೀಲಿ ಕೊಟ್ಟ. "ಗಾರ್ಮೆಂಟ್ಸ್ ಗಂಟ ಓಡ್ಸು" ಎಂದು ತಾನು ಅಕ್ಕನ ಜಾಗದಲ್ಲಿ ಕೂತ. ಇಳಿದಾಗ ಕಣ್ಣು ಕೆಂಡ, ಬಾಯಿ ತೆರೆದರೆ ಕೆಮ್ಮು. "ಬಿಚ್ಚಾಕು ಅದ್ನ" ಅಂದದ್ದು ನನಗಷ್ಟೇ ಕೇಳಿಸಿತೇನೋ, ಅಷ್ಟು ಮೆಲ್ಲಗೆ ಅಂದ.

ಈಗ ಗುಜರಿಯಲ್ಲಿ ತುಕ್ಕು ಹಿಡಿದ ಸೈಲೆನ್ಸರುಗಳ ನಡುವೆ ಬಿದ್ದಿದ್ದೇನೆ. ವ್ಯಾನಿಗೆ ಹೊಸ ಫಿಲ್ಟರ್ ಬಂತಂತೆ. ಪುಟ್ಟಲಿಂಗಮ್ಮನ ಕೆಮ್ಮು ವಾಸಿಯಾಯಿತೋ ಇಲ್ಲವೋ, ಯಾರೂ ಬಂದು ಹೇಳಲಿಲ್ಲ. ದಣಿದಿದ್ದೇನೆ, ಯಾರ ಮೇಲೂ ಸಿಟ್ಟಿಲ್ಲ. ಒಂದು ಮಾತು ಮಾತ್ರ ಕೊರೆಯುತ್ತದೆ: ಅವತ್ತು ಎಫ್‌ಸಿ ಆಗಿಬಿಟ್ಟಿದ್ದರೆ ಚೌಡಯ್ಯ ಆ ಸೀಟಿನಲ್ಲಿ ಒಂದು ದಿನವೂ ಕೂರುತ್ತಿರಲಿಲ್ಲ.