ಎರಡನೇ ಸಾಲು ಬಲಗಡೆಯಿಂದ

ತನ್ನ ಪ್ರೋಗ್ರಾಮಿನಲ್ಲಿ ತಪ್ಪಿದೆ ಅಂದವರಿಗೆ ಚೂಟಿ ಮೊದಲು ಕನ್ನಡಕ ಬದಲಾಯಿಸಿಕೊಳ್ಳಿ ಎನ್ನುತ್ತಿದ್ದಳು. ಬೀಜ ಭಂಡಾರದಲ್ಲಿ ಅವಳಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಅಲ್ಲಿ ಹದಿನಾಲ್ಕು ಬೀರು, ಬೀರುವಿಗೆ ಇಪ್ಪತ್ತು ಟ್ರೇ, ಟ್ರೇಗೆ ಆರು ಸಾಲು, ಸಾಲಿಗೆ ಎಂಟು ಮನೆ, ಮನೆಗೊಂದು ಬೀಜದ ಪೊಟ್ಟಣ. ಅಷ್ಟನ್ನೂ ಅವಳು ಒಂದರೊಳಗೊಂದು ಕೂತು ಅದೇ ಹೆಜ್ಜೆಯನ್ನು ಮತ್ತೆ ಮತ್ತೆ ಹಾಕುವ ನಾಲ್ಕು ಲೂಪುಗಳಲ್ಲಿ ಕಟ್ಟಿಹಾಕಿದ್ದಳು. ಹೊರಗಿನ ಲೂಪು ಬೀರು ದಾಟಿಸುತ್ತದೆ, ಅದರೊಳಗಿನದು ಟ್ರೇ, ಅದರೊಳಗಿನದು ಸಾಲು, ತೀರಾ ಒಳಗಿನದು ಮನೆ. ಒಂದು ಸಾಲಿನ ಎಂಟೂ ಮನೆ ಮುಗಿಯದೆ ಮುಂದಿನ ಸಾಲಿಗೆ ಕಾಲಿಡುವ ಹಾಗಿಲ್ಲ. ಹೀಗೆ ನಡೆಯುತ್ತ, ರಿಜಿಸ್ಟರಿನಲ್ಲಿದ್ದ ಹೆಸರುಗಳನ್ನು ಒಂದೊಂದೇ ಮನೆಗೆ ಹಂಚಿ, ಅದು ಇಡೀ ಭಂಡಾರದ ನಕ್ಷೆಯನ್ನು ಮುದ್ರಿಸಿಕೊಟ್ಟಿತ್ತು.

ರಿಜಿಸ್ಟರ್ ಬರೆದವರು ಉಗ್ರಾಣ ನೋಡಿಕೊಳ್ಳುವವರು, ಅಂದರೆ ಚೂಟಿಯ ಸ್ವಂತ ಸೋದರತ್ತೆ. ಪೊಟ್ಟಣಗಳ ಮೇಲೆ ಹೆಸರಿರಲಿಲ್ಲ. ತಂಪುಕೋಣೆಯ ತೇವಕ್ಕೆ ಶಾಯಿ ನಿಲ್ಲುವುದಿಲ್ಲ. ಬಂದ ಕ್ರಮದಲ್ಲಿ ಬರೆಯುವುದು, ಬರೆದ ಕ್ರಮದಲ್ಲೇ ಇಡುವುದು, ಇಪ್ಪತ್ತೆರಡು ವರ್ಷದಿಂದ ಅದೇ ಪದ್ಧತಿ. ಯಾರಾದರೂ ಬೀಜ ಕೇಳಿದರೆ ಅತ್ತೆ ರಿಜಿಸ್ಟರ್ ನೋಡಿ ನೇರವಾಗಿ ಕೈ ಹಾಕಿ ತೆಗೆಯುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ.

ಹೊಸ ನಕ್ಷೆಯನ್ನು ಪರೀಕ್ಷಿಸಲು ಭಂಡಾರದ ಮುಖ್ಯಸ್ಥರಾದ ಸಾಹೇಬರು ಹತ್ತು ಮನೆಗಳ ಬೀಜ ತೆಗೆಸಿ ಕುಂಡಗಳಲ್ಲಿ ಬಿತ್ತಿಸಿದರು. ನಾಲ್ಕು ಸರಿಯಾಗಿ ಬಂದವು. ಉಳಿದ ಆರರಲ್ಲಿ ಬದನೆ ಬರಬೇಕಾದಲ್ಲಿ ಟೊಮೆಟೊ, ಮೆಣಸಿನ ಜಾಗದಲ್ಲಿ ಮೂಲಂಗಿ!

"ಪ್ರೋಗ್ರಾಮ್ ಅಲ್ಲ ಸಾರ್, ರಿಜಿಸ್ಟರ್ರೇ ತಪ್ಪಿರಬೇಕು," ಎಂದು ಚೂಟಿ ಎದೆ ತಟ್ಟಿ ಹೇಳಿದಳು. ಅತ್ತೆಯ ತಾಯಿಗೆ ಇದೇ ವಯಸ್ಸಿನಲ್ಲಿ ಮರೆವು ಶುರುವಾಗಿ, ಕೊನೆಗೆ ಹೆತ್ತ ಮಕ್ಕಳ ಗುರುತೂ ಸಿಗದ ಹಾಗಾಗಿತ್ತು. ಎಂಟು ದಿನ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ಒಂಬತ್ತನೇ ದಿನ ಬೆಳಗ್ಗೆ ಚೂಟಿಯನ್ನು ಕರೆದು, "ಮಧ್ಯಾಹ್ನ ಸಾಹೇಬ್ರಿಗೆ ಹೇಳ್ಬಿಡ್ತೀನಿ ಕಣೇ. ನನ್ನ ತಲೆ ಕೈಕೊಡ್ತಾ ಇದೆ. ಇನ್ನು ಈ ಕೆಲಸ ನನ್ನಿಂದಾಗಲ್ಲ," ಎಂದರು.

ಚೂಟಿಯ ಗೆಲುವಿನ ಖುಷಿಯೆಲ್ಲ ಎಲ್ಲಿ ಹೋಯಿತೋ! ಸುಮ್ಮನೆ ಅತ್ತೆಯ ಜೊತೆಗಿರೋಣವೆಂದು ತಂಪುಕೋಣೆಗೆ ಹೋಗಿ ನಿಂತಳು. ಅತ್ತೆ ಅಂದು ಬಂದ ಪೊಟ್ಟಣಗಳನ್ನು ಖಾಲಿ ಟ್ರೇಗೆ ತುಂಬುತ್ತಿದ್ದರು. ಮೊದಲ ಸಾಲು ಎಡದಿಂದ ಬಲಕ್ಕೆ ಎಂಟು ಮನೆ. ಆಮೇಲೆ ಕೈ ಅಲ್ಲೇ ಒಂದು ಮನೆ ಕೆಳಗಿಳಿದು, ಬಲದಿಂದ ಎಡಕ್ಕೆ ವಾಪಸು ಹೊರಟಿತು.

"ಅತ್ತೆ, ಎರಡನೇ ಸಾಲು ಬಲಗಡೆಯಿಂದ ಯಾಕೆ?"

"ಸಾಲು ಮುಗಿದಾಗ ಕೈ ಬಲಗಡೆನೇ ಇರತ್ತಲ್ಲ. ಮತ್ತೆ ಎಡಕ್ಕೆ ಓಡೋಕೆ ನನಗೇನು ಬೇರೆ ಕೆಲಸ ಇಲ್ವಾ?"

"ಎಲ್ಲಾ ಟ್ರೇನೂ ಹೀಗೇನಾ?"

"ಮೊದಲ್ನೇ ದಿನದಿಂದ."

ಚೂಟಿಯ ಪ್ರೋಗ್ರಾಮಿನ ತೀರಾ ಒಳಗಿನ ಲೂಪು ಪ್ರತಿ ಸಾಲನ್ನೂ ಎಡದಿಂದಲೇ ಶುರುಮಾಡುತ್ತಿತ್ತು. ಅಂದರೆ ಎರಡು, ನಾಲ್ಕು, ಆರನೇ ಸಾಲುಗಳ ಹೆಸರುಗಳೆಲ್ಲ ತಿರುವುಮುರುವು. ಎದ್ದೆನೋ ಬಿದ್ದೆನೋ ಎಂದು ಕಂಪ್ಯೂಟರಿನತ್ತ ಓಡಿದಳು. ಸರಿಸಂಖ್ಯೆಯ ಸಾಲಾದರೆ ಎಂಟರಿಂದ ಒಂದಕ್ಕೆ ಇಳಿದು ಬಾ ಎಂದು ಪ್ರೋಗ್ರಾಮಿಗೆ ಹೇಳಲು ಎರಡೇ ಗೆರೆ ಸಾಕಾದವು.

ತಿದ್ದಿದ ನಕ್ಷೆ ಹಿಡಿದು ಸಾಹೇಬರ ಕೋಣೆಗೆ ಬಂದಾಗ ಅತ್ತೆ ಅಲ್ಲಿ ಆಗಲೇ ತಲೆತಗ್ಗಿಸಿ ನಿಂತಿದ್ದರು.

"ತಪ್ಪು ನಂದು ಸಾರ್," ಎಂದಳು ಚೂಟಿ.

ಅತ್ತೆ ಅವಳನ್ನು ದುರುಗುಟ್ಟಿ ನೋಡಿದರು. "ಅಣ್ಣನ ಮಗಳು ಅಂತ ನನ್ನ ಉಳಿಸೋಕೆ ಸುಳ್ಳು ಹೇಳಬೇಡ."

"ನಾನು ತಪ್ಪು ಒಪ್ಕೊಳ್ಳೋದೇ ಅಪರೂಪ ಅತ್ತೆ. ಅದನ್ನ ಸುಳ್ಳಿಗೆ ಹಾಳುಮಾಡ್ತೀನಾ? ಬನ್ನಿ, ತೋರಿಸ್ತೀನಿ."

ಇಬ್ಬರನ್ನೂ ಕುಂಡಗಳ ಹತ್ತಿರ ಕರೆದೊಯ್ದಳು. ತಪ್ಪಿದ್ದ ಆರು ಕುಂಡಗಳ ಮುಂದೆ ಒಂದೊಂದಾಗಿ ನಿಂತು, ಆ ಬೀಜ ತೆಗೆದ ಮನೆಗೆ ತಿದ್ದಿದ ನಕ್ಷೆಯಲ್ಲಿ ಯಾವ ಹೆಸರಿದೆಯೆಂದು ಗಟ್ಟಿಯಾಗಿ ಓದಿದಳು. ಟೊಮೆಟೊ. ಕುಂಡದಲ್ಲೂ ಟೊಮೆಟೊ. ಮೂಲಂಗಿ. ಅದೂ ಸರಿ. ಆರಕ್ಕೆ ಆರೂ ಕೂಡಿಬಂದವು. ಸಾಹೇಬರು ಮೂಲಂಗಿ ಸಸಿಯ ಎಲೆಯನ್ನು ಬಗ್ಗಿ ನೋಡಿ, "ಉಗ್ರಾಣ ನಿಮ್ಮದೇ ಅಮ್ಮ, ಬೇರೆ ಮಾತಿಲ್ಲ," ಎಂದರು.

ಅತ್ತೆಗೆ ಅದು ಕೇಳಿಸಿದಂತಿರಲಿಲ್ಲ. "ಹಾಗಾದ್ರೆ... ನಾನು ಮರೀತಾ ಇಲ್ವಾ?"

"ಒಂದು ಪೊಟ್ಟಣನೂ ಮರೆತಿಲ್ಲ. ನಿಮ್ಮ ತಲೆ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಕೇಳದೇ ಬರೆದವಳು ನಾನು."

ಅತ್ತೆ ಕುಂಡಗಳ ನಡುವೆ ನೆಲದ ಮೇಲೇ ಕುಸಿದು ಕೂತು, ಸಾಹೇಬರ ಎದುರಲ್ಲೇ ಗಳಗಳನೆ ಅತ್ತುಬಿಟ್ಟರು. ಚೂಟಿ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು.

"ಈ ಎಂಟು ದಿನ," ಎಂದರು ಅತ್ತೆ, ಮೂಗೊರೆಸಿಕೊಳ್ಳುತ್ತ, "ಬೆಳಗ್ಗೆ ಎದ್ದ ತಕ್ಷಣ ನಿಮ್ಮಪ್ಪನ ಹೆಸರು, ನಿನ್ನ ಹೆಸರು ಹೇಳ್ಕೊಂಡು ನೋಡ್ತಿದ್ದೆ ಕಣೇ, ಇನ್ನೂ ನೆನಪಿದೆಯಾ ಅಂತ."