ಎಂಟು ಸಾಲು ಬಾಚಣಿಗೆ

ತಂಗಿ ತೀರಿಕೊಂಡಳೆಂಬ ಸುದ್ದಿ ಬಂದ ಬೆಳಿಗ್ಗೆ ನಾನು ಪ್ರಯೋಗಾಲಯದಲ್ಲಿ ಪೆನ್ಸಿಲು ಚೂಪು ಮಾಡುತ್ತಿದ್ದೆ. ಅವಳು ಕಡಲಜೀವಿಗಳನ್ನು ಕುಲ, ವರ್ಗಗಳಾಗಿ ವಿಂಗಡಿಸುವವಳು. ನಾನು ಅವುಗಳ ಚಿತ್ರ ಬರೆಯುವವನು. ಆಸ್ಪತ್ರೆಯಿಂದ ಅವಳ ಗಂಡ ಫೋನು ಮಾಡಿ, “ಭಾವಾ, ಹೋಗ್ಬಿಟ್ಲು. ಮಧ್ಯಾಹ್ನ ಮನೆಗೆ ತರ್ತೀವಿ” ಎಂದ.

ಎದ್ದು ಹೊರಟವನಿಗೆ ಕಿಟಕಿಯ ಬಳಿಯ ಗಾಜಿನ ತೊಟ್ಟಿ ಕಣ್ಣಿಗೆ ಬಿತ್ತು. ಅದರಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಬಾಚಣಿಗೆ ಲೋಳೆಜೀವಿ, ಇಂಗ್ಲಿಷಿನವರ ಕೋಂಬ್ ಜೆಲ್ಲಿ. ಆಸ್ಪತ್ರೆ ಸೇರುವ ಮುನ್ನ ತಂಗಿ ತರಿಸಿದ್ದು. ಅದಕ್ಕೆ ಬೇಟೆ ಹಿಡಿಯುವ ಎಳೆಗಳಿವೆಯೋ ಇಲ್ಲವೋ ಎಂಬುದರ ಮೇಲೆ ಅದರ ವರ್ಗ ನಿಂತಿತ್ತು. ಇವೆ, ಒಳಗೆಳೆದುಕೊಂಡಿದೆ ಎಂದು ಅವಳ ಪಟ್ಟು. ಇಂಥವನ್ನು ಕೆಡದಿರಲೆಂದು ಫಾರ್ಮಲಿನ್‌ನಲ್ಲಿಟ್ಟರೆ ಕರಗಿಹೋಗುತ್ತವೆ. ಹಿಂದಿನವರು ಚೀಟಿ ಅಂಟಿಸಿಟ್ಟ ಬರಿನೀರಿನ ಸೀಸೆಗಳು ನಮ್ಮ ಕಪಾಟಿನಲ್ಲಿ ಸಾಲಾಗಿವೆ. ಜೀವವಿರುವಾಗಲೇ ಕಂಡು ಬರೆಯಬೇಕು. ಇದು ಆಗಲೇ ಸೊರಗಿತ್ತು. ಕುಳಿತುಕೊಂಡೆ.

ತೊಟ್ಟಿಗಳನ್ನು ನೋಡಿಕೊಳ್ಳುವಾಕೆ ಕೈಯೊರಸಿಕೊಳ್ಳುತ್ತ ಬಂದಳು. “ಇದೇನಜ್ಜಾ, ಇನ್ನೂ ಇಲ್ಲೇ ಕೂತಿದ್ದೀರಿ? ನೋಡಿದೋರು ಏನಂದಾರು?”

“ಬರಿಗೈಲಿ ಹೋದ್ರೆ ಸುಮ್ನೆ ಬಿಡೋಳಲ್ಲ ಅವಳು. ಆ ದೀಪ ತಗೊಂಡು ಬಾಮ್ಮ.”

ಆಕೆ ಅಳುತ್ತಲೇ ನಕ್ಕು, ದೀಪ ತಂದು ತೊಟ್ಟಿಗೆ ಓರೆಯಾಗಿ ಹಿಡಿದಳು.

ಇದೆಯೋ ಇಲ್ಲವೋ ಎಂಬಷ್ಟು ತಿಳಿಯಾದ ಆ ಮೈಮೇಲೆ ಎಂಟು ಸಾಲುಗಳು ಹೊತ್ತಿಕೊಂಡವು. ಸಾಲುಸಾಲಿನಲ್ಲೂ ಪುಟ್ಟ ಬಾಚಣಿಗೆಗಳು ಅಲೆಯಲೆಯಾಗಿ ಬಡಿದು, ಬೆಳಕು ಕೆಂಪಾಗಿ, ಹಸಿರಾಗಿ, ನೇರಳೆಯಾಗಿ ಹರಿಯಿತು. “ಅಣ್ಣಾ, ನಿನ್ ತಲೇಲಿ ಒಂದು ಕೂದಲಿಲ್ಲ. ತಲೇನೇ ಇಲ್ಲದ ಇದಕ್ಕೆ ಎಂಟು ಸಾಲು ಬಾಚಣಿಗೆ! ನಿನ್ ದೇವರ ಹಂಚಿಕೆ ಚೆನ್ನಾಗಿದೆ” ಎಂದು ತಂಗಿ ಕಿಚಾಯಿಸುತ್ತಿದ್ದಳು. ಎಲುಬಿಲ್ಲ, ಮೆದುಳಿಲ್ಲ, ಹೃದಯವಿಲ್ಲ; ಬಹುತೇಕ ನೀರು. ನೀರಿಗೆ ಇಷ್ಟು ಸಿಂಗಾರ ಮಾಡಿದವನನ್ನು ನೆನೆದು ಪೆನ್ಸಿಲು ಕೈಗೆತ್ತಿಕೊಂಡೆ.

ಸಾಲುಗಳನ್ನು ಬರೆದೆ. ಎಳೆಗಳು ಕಾಣಲಿಲ್ಲ. ಬಾಚಣಿಗೆಗಳ ಬಡಿತ ನಿಧಾನವಾಯಿತು.

“ಇಲ್ಲ ಅಂತ ಬರೆದು ಏಳಿ ಅಜ್ಜಾ.”

ಕದಡಿದ ನೀರಿನಲ್ಲಿ ಇವು ಎಳೆ ಬಿಚ್ಚವೆಂದು ತಂಗಿ ತೊಟ್ಟಿಯ ಪಂಪು ನಿಲ್ಲಿಸಿ ಕಾಯುತ್ತಿದ್ದುದು ನೆನಪಾಯಿತು. ನಿಲ್ಲಿಸಿದೆ. ನೀರು ಅಲುಗಾಡದಾಯಿತು. ಅದರ ಮೈಯ ಎರಡೂ ಪಕ್ಕದ ಪುಟ್ಟ ಚೀಲಗಳಿಂದ ಎರಡು ಎಳೆಗಳು ಇಳಿದವು. ಇಳಿಯುತ್ತಲೇ ಹೋದವು, ಜೇಡನ ನೂಲಿಗಿಂತ ನವುರಾದ ಕವಲುಗಳನ್ನು ಬಿಚ್ಚುತ್ತ.

“ಅಯ್ಯೋ ದೇವರೇ” ಎಂದಳು ಆಕೆ, ಪಿಸುದನಿಯಲ್ಲಿ.

ಬರೆದೆ. ಕಣ್ಣೊರಸಿಕೊಳ್ಳಲೂ ಪುರಸೊತ್ತಿರಲಿಲ್ಲ. ಕೊನೆಯ ಗೆರೆ ಎಳೆಯುವಷ್ಟರಲ್ಲಿ ಸಾಲುಗಳು ಒಂದೊಂದಾಗಿ ಆರಿದವು.

ಮನೆಯಲ್ಲಿ ತಂಗಿಯ ತಲೆಯನ್ನು ಯಾರೋ ನೀಟಾಗಿ ಬಾಚಿದ್ದರು. ಹಾಳೆಯನ್ನು ಅವಳ ಕೈಬಳಿ ಇಟ್ಟು, “ನೀನ್ ಹೇಳಿದ್ದೇ ಸರಿ ಕಣೇ, ಎಳೆ ಇವೆ” ಎಂದೆ.

ನೀರಿಗೂ ಬೆಳಕು ಹೊದಿಸುವ ದೇವರೇ, ನಿನ್ನ ಕೈಕೆಲಸವನ್ನು ಗುರುತು ಹಿಡಿದು ಅದರದರ ಕುಲಕ್ಕೆ ಸೇರಿಸಿದವಳು ಇವಳು. ಇವಳನ್ನೂ ಇವಳ ನೆಲೆಗೆ ಸೇರಿಸು. ಕದಡದ ನೀರಿನಂಥ ಶಾಂತಿಯನ್ನು ಕೊಡು.