ತಾಯಿತೊಗಟೆಯ ಗಾಯ

ಕೆಳಗಿನ ಇಳಿಜಾರಿನಲ್ಲಿ ಏಳು ಮರಗಳಿಗೆ ಗಾಯವಾಗಿದೆ ಎಂದು ಮೇಸ್ತ್ರಿ ಜಸಿಂತು ಬೆಳಗ್ಗೆ ಎಲ್ಲರ ಮುಂದೆ ಹೇಳಿದ. ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ಆ ಇಳಿಜಾರಿನಲ್ಲಿ ಕೆಲಸ ಮಾಡಿದ್ದು ಒಂದೇ ಜೋಡಿ: ಬೆಲ್ಮಿರೋ ಮತ್ತು ಅದೇರಿತು.

ಬೆಲ್ಮಿರೋ ಬಾಟಲಿಗಳಿಗೆ ಕಾರ್ಕ್ ಕೊಡುವ ಬಿರಡೆ ಮರದ ತೊಗಟೆ ಸುಲಿಯಲು ಶುರು ಮಾಡಿದ್ದು ಹದಿನೇಳನೇ ವಯಸ್ಸಿನಲ್ಲಿ, ಈಗ ಅರವತ್ತೆರಡು. ಒಮ್ಮೆ ಸುಲಿದ ಮರ ಮತ್ತೆ ತೊಗಟೆ ಕಟ್ಟಿಕೊಳ್ಳಲು ಒಂಬತ್ತು ವರ್ಷ ಬೇಕು. ಕೊಡಲಿ ತೊಗಟೆಯನ್ನಷ್ಟೇ ಸೀಳಬೇಕು, ಒಳಗಿನ ತೆಳುಪದರವನ್ನು ಮುಟ್ಟಬಾರದು. ದಕ್ಷಿಣ ಪೋರ್ಚುಗಲ್ಲಿನ ಈ ಅಲೆಂತೇಜು ಸೀಮೆಯವರು ಆ ಪದರವನ್ನು ತಾಯಿ ಎನ್ನುತ್ತಾರೆ. ತಾಯಿಗೆ ಪೆಟ್ಟು ಬಿದ್ದರೆ ಆ ಜಾಗ ಮರ ಸಾಯುವವರೆಗೂ ಹಾಗೇ ಉಳಿಯುತ್ತದೆ. ತನ್ನ ಕೈಯಿಂದ ಗಾಯವಾದ ಮರಗಳನ್ನು ಬೆಲ್ಮಿರೋ ಬೆರಳಲ್ಲಿ ಎಣಿಸಬಲ್ಲವನಾಗಿದ್ದ. ಅವು ಎಲ್ಲೆಲ್ಲಿ ನಿಂತಿವೆ ಎಂಬುದೂ ಗೊತ್ತಿತ್ತು. ಅವನಿಗೆ ಹೊಲವಿರಲಿಲ್ಲ, ಓದಿರಲಿಲ್ಲ. ಊರು ಮರ್ಯಾದೆ ಕೊಡುತ್ತಿದ್ದದ್ದು ಆ ಕೈಗೆ.

ಅಂದಮೇಲೆ ಇದು ಅದೇರಿತುವಿನದೇ ಕೆಲಸ. ಅವನು ಉತ್ತರದ ಬೆಟ್ಟಗಳ ಕಡೆಯವನು, ಮೂವತ್ತರ ಆಸುಪಾಸು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವವನು. ಬೆಲ್ಮಿರೋನ ಹಳೆಯ ಜೊತೆಗಾರ ಮಂಡಿನೋವಿನಿಂದ ಕೆಲಸ ಬಿಟ್ಟಾಗ ಮೇಸ್ತ್ರಿ ಇವನನ್ನು ಗಂಟು ಹಾಕಿದ್ದ. ಎರಡು ಹಂಗಾಮು ಕಳೆದರೂ ಬೆಲ್ಮಿರೋಗೆ ಅವನ ಮನೆಯಲ್ಲಿ ಯಾರಿದ್ದಾರೆ ಎಂಬುದೂ ತಿಳಿದಿರಲಿಲ್ಲ.

ಅಂದಿನಿಂದ ಬೆಲ್ಮಿರೋ ಅದೇರಿತುವಿನ ಮೇಲೆ ಕಣ್ಣಿಟ್ಟ. ನೋಡಿದಷ್ಟೂ ಅನುಮಾನ ಬಲವಾಯಿತು. ಒಂದು ಮರ ಮುಗಿದ ಮೇಲೂ ಅವನು ಏನೋ ಮರೆತವನಂತೆ ಹಿಂದೆ ಉಳಿಯುತ್ತಿದ್ದ. ಅವನ ಉಗುರುಸಂದಿಯಲ್ಲಿ ಕೆಂಪು ಮಣ್ಣು. ಊಟದ ಹೊತ್ತಿಗೆ ಎಲ್ಲರೂ ರೊಟ್ಟಿ, ಆಲಿವ್ ಕಾಯಿ ಮುಗಿಸಿ ಟೋಪಿಯನ್ನು ಮುಖಕ್ಕೆ ಎಳೆದುಕೊಂಡು ಮಲಗಿದರೆ ಅವನೊಬ್ಬ ಮೆಲ್ಲನೆ ಎದ್ದು ಹೋಗುತ್ತಿದ್ದ.

ಗುರುವಾರ ಬೆಲ್ಮಿರೋ ನಿದ್ದೆ ಬಂದವನಂತೆ ಬಿದ್ದುಕೊಂಡ, ಆಮೇಲೆ ಹಿಂದೆಯೇ ಹೋದ. ಅದೇರಿತು ಬೆಳಗ್ಗೆ ಸುಲಿದ ಮರವೊಂದರ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಒದ್ದೆ ಮಣ್ಣನ್ನು ಹೆಬ್ಬೆರಳಿನಿಂದ ಕಾಂಡಕ್ಕೆ ತೀಡುತ್ತಿದ್ದ. ಹೊಸದಾಗಿ ಸುಲಿದ ಮರದ ಬಣ್ಣಕ್ಕೂ ಆ ಮಣ್ಣಿಗೂ ಅಷ್ಟೇನೂ ವ್ಯತ್ಯಾಸವಿರಲಿಲ್ಲ.

“ಎಷ್ಟು ಮರಕ್ಕೆ ಹೀಗೆ ಬಳಿದಿದೀಯ?” ಎಂದ ಬೆಲ್ಮಿರೋ.

ಅದೇರಿತು ಬೆಚ್ಚಿದರೂ ಎದ್ದು ನಿಲ್ಲಲಿಲ್ಲ. “ಇದು ಇಪ್ಪತ್ತನೇದು. ಮೇಸ್ತ್ರಿ ಕಂಡ ಆ ಏಳು ಮರಕ್ಕೆ ಹೊತ್ತಿಗೆ ಸರಿಯಾಗಿ ಮಣ್ಣು ಸಿಗ್ಲಿಲ್ಲ.”

“ಕೈ ಕೂರದೋನು ಕುರಿ ಕಾಯೋಕೆ ಹೋಗ್ಬೇಕಿತ್ತು. ನನ್ನ ಹೆಸರು ಯಾಕೆ ಕೆಡಿಸ್ತೀಯ?”

“ಗಾಯ ಎಲ್ಲಿದೆ ನೋಡು ಮಾವ. ಮೊಣಕಾಲೆತ್ತರದಲ್ಲಿ. ಬುಡ ಸುಲಿಯೋನು ಯಾರು? ನಾನು ಬೆಳಗಿಂದ ಕೊಂಬೆ ಮೇಲಿದ್ದೆ.”

ಬೆಲ್ಮಿರೋ ಬಗ್ಗಿ ನೋಡಿದ. ಎರಡು ಬೆರಳಗಲದ ಸೀಳು, ಎಡದಿಂದ ಓರೆಯಾಗಿ ಇಳಿದದ್ದು. ಕೊಡಲಿಯನ್ನು ಹಾಗೆ ಓರೆಯಾಗಿ ಹಾಕುವವನು ಆ ಗುಂಪಿನಲ್ಲಿ ತಾನೊಬ್ಬನೇ ಎಂದು ಅವನಿಗೆ ಗೊತ್ತಿತ್ತು. ಆದರೂ ಒಪ್ಪಲು ಮನಸ್ಸಾಗಲಿಲ್ಲ. ನಿಜವಾಗಿದ್ದರೆ ಯಾಕೆ ಮುಚ್ಚಿಟ್ಟೆ, ನಿನಗೇನು ಲಾಭ ಎಂದು ಕೇಳಿದ.

“ನಿನ್ನನ್ನ ಮನೆಗೆ ಕಳಿಸಿದ್ರೆ ನನ್ನನ್ನೂ ಕಳಿಸ್ತಾರೆ. ಜೋಡಿ ಇಲ್ದೋನಿಗೆ ಕೆಲಸ ಎಲ್ಲಿ? ಈ ಊರಲ್ಲಿ ನನ್ನ ಜೊತೆ ಇನ್ಯಾರು ಮರ ಹತ್ತುತಾರೆ?”

ಪ್ರೀತಿ ಗೌರವದ ಮಾತಾಡಿದ್ದರೆ ಸುಳ್ಳೆಂದು ತಳ್ಳಿಹಾಕಬಹುದಿತ್ತು. ಈ ಉತ್ತರ ಬೆಲ್ಮಿರೋನ ಎದೆಯಲ್ಲಿ ನಾಟಿಕೊಂಡಿತು.

ಮನೆಗೆ ಬಂದವನು ಹೆಂಡತಿ ಇವೋನಿಯ ಮುಂದೆ ಎಲ್ಲವನ್ನೂ ಕಕ್ಕಿದ. ಬೇರೆ ಯಾರಾದರೂ ಬಂದು ಕಡಿದಿರಬಹುದು, ಉತ್ತರದವನೇ ನಾಟಕ ಕಟ್ಟಿರಬಹುದು ಎಂದ. ತೊಗಟೆ ಬಿಡುವ ಹದಕ್ಕೆ ಬಂದಿದ್ದರೆ ಕೊಡಲಿ ಟೊಳ್ಳಾಗಿ ಸದ್ದು ಮಾಡುತ್ತದೆ, ಬಿಡದಿದ್ದರೆ ಗಟ್ಟಿ; ಆಗಲೂ ಕೊಡಲಿ ಹಾಕಿದರೆ ಪೆಟ್ಟು ತಾಯಿಗೇ ಬೀಳುತ್ತದೆ. ಆ ಸದ್ದು ಕೇಳುವ ಕಿವಿ ತನಗಿಲ್ಲವೇ ಎಂದ.

ಇವೋನಿ ಬೀನ್ಸ್ ಬಿಡಿಸುವುದನ್ನು ನಿಲ್ಲಿಸಿದಳು. “ಎರಡು ವರ್ಷದಿಂದ ಬೆನ್ನ ಹಿಂದೆ ನಿಂತು ಕರೆದ್ರೆ ನೀನು ತಿರುಗಲ್ಲ. ಬೇಕಂತಲೇ ಕೇಳದ ಹಾಗೆ ಇರ್ತೀಯ ಅಂದ್ಕೊಂಡಿದ್ದೆ. ಇನ್ನೊಬ್ಬಳು ಯಾವಳಾದ್ರೂ ಇದಾಳೇನೋ ಅಂತ ನಿನ್ನ ಜೇಬೂ ನೋಡಿದೀನಿ.”

ಮರುದಿನ ಬೆಲ್ಮಿರೋ ಹದಕ್ಕೆ ಬಂದ ಮರವೊಂದಕ್ಕೆ ಅಂಗೈ ಒತ್ತಿ ನಿಂತು, ಕೊಡಲಿಯ ಹಿಂಬದಿಯಿಂದ ಬಡಿಯಲು ಅದೇರಿತುವಿಗೆ ಹೇಳಿದ. ಪೆಟ್ಟು ಅಂಗೈಗೆ ತಾಗಿತು. ಸದ್ದು ಎಲ್ಲೋ ದೂರದ ಗುಡ್ಡದಲ್ಲಿ ಯಾರೋ ಬಾಗಿಲು ಮುಚ್ಚಿದಂತೆ ಕೇಳಿತು, ಅದು ಟೊಳ್ಳೋ ಗಟ್ಟಿಯೋ ತಿಳಿಯಲಿಲ್ಲ. ಹದಕ್ಕೆ ಬಾರದ ಇನ್ನೊಂದು ಮರ, ಮತ್ತೊಂದು, ಎಲ್ಲದರ ಸದ್ದೂ ಒಂದೇ. ಇಷ್ಟು ದಿನ ತಾನು ಕೇಳುತ್ತಿದ್ದದ್ದು ಹಳೆಯ ನೆನಪನ್ನು ಎಂದು ಅವನಿಗೆ ಹೊಳೆಯಿತು. ಕೊಡಲಿಯನ್ನು ಅಲ್ಲೇ ಒರಗಿಸಿ ಮೇಸ್ತ್ರಿಯ ಹತ್ತಿರ ನಡೆದ.

ಜಸಿಂತು ಪೂರ್ತಿ ಕೇಳಿದ. ಶನಿವಾರ ಅದೇರಿತುವನ್ನು ಕಳಿಸಬೇಕೆಂದು ತಾನು ತೀರ್ಮಾನಿಸಿ ಆಗಿತ್ತು ಎಂದ. ನಿನ್ನನ್ನಂತೂ ಯಾರೂ ಅನುಮಾನಿಸಿರಲಿಲ್ಲ ಎಂದೂ ಹೇಳಿದ. ಬೆಲ್ಮಿರೋಗೆ ಅದು ಸಮಾಧಾನವಾಗಲಿಲ್ಲ.

ಅದೇರಿತುವಿಗೆ ಮೇಸ್ತ್ರಿಯ ತಮ್ಮ ಜೋಡಿಯಾದ. ಬೆಲ್ಮಿರೋಗೆ ಬಿಳಿ ಬಣ್ಣದ ಡಬ್ಬಿ, ಕುಂಚ ಸಿಕ್ಕವು. ಒಂಬತ್ತು ವರ್ಷದ ಲೆಕ್ಕ ಇಡಲು ಸುಲಿದ ಪ್ರತಿ ಮರದ ಮೇಲೂ ಆ ವರ್ಷದ ಕೊನೆಯ ಅಂಕಿ ಬರೆಯಬೇಕು, ಗಾಯವಿದ್ದರೆ ಮೇಸ್ತ್ರಿಗೆ ತಿಳಿಸಬೇಕು. ಇಷ್ಟು ವರ್ಷ ಜೊತೆಗೆ ಉಂಡವರು ಅವನು ಡಬ್ಬಿ ಹಿಡಿದು ಬರುವುದು ಕಂಡರೆ ಮಾತು ನಿಲ್ಲಿಸತೊಡಗಿದರು. ಇದು ಹೊಸದೋ, ಮೊದಲಿಂದಲೂ ಇದ್ದದ್ದು ತನಗೆ ಈಗ ಕಾಣುತ್ತಿದೆಯೋ, ಅವನಿಗೆ ಖಚಿತವಿರಲಿಲ್ಲ.

ನಾಲ್ಕನೇ ದಿನ ಅದೇರಿತುವಿನ ಮರದ ಹತ್ತಿರ ಹೋದಾಗ ಅವನು ಕಾಂಡಕ್ಕೆ ಅಡ್ಡ ನಿಂತಿದ್ದ. “ಏನೂ ಇಲ್ಲ ಮಾವ, ನನ್ನ ಮಾತು ನಂಬಿ ಅಂಕಿ ಬರಿ” ಎಂದ.

“ಪಕ್ಕಕ್ಕೆ ಬಾ.”

ಅದೇರಿತು ಸರಿದ. ಬೆಲ್ಮಿರೋ ಬುಡದಿಂದ ಕೊಂಬೆಯವರೆಗೆ ಅಂಗೈ ಆಡಿಸುತ್ತ ಮರವನ್ನು ಪೂರ್ತಿ ಒಂದು ಸುತ್ತು ಬಂದ. ಎಲ್ಲೂ ಒಂದು ಗೀರಿರಲಿಲ್ಲ. ಕುಂಚ ಅದ್ದಿ ಅಂಕಿ ಬರೆದ. ತಲೆಯೆತ್ತಿದಾಗ ಅದೇರಿತು ಕೊಡಲಿ ಹೆಗಲಿಗೇರಿಸಿಕೊಂಡು ಮುಂದಿನ ಮರಕ್ಕೆ ಹೊರಟಾಗಿತ್ತು. ಏನೋ ಅಂದಂತಿತ್ತು, ಬೆಲ್ಮಿರೋಗೆ ಕೇಳಿಸಲಿಲ್ಲ.